ಪ್ಯಾಸ್ಕ್ ಸಾಹೇಬ ಕಲಿತ ಕೆಮ್ಮು

ಲೈಟ್ ಹಾಗೇ ಇರಲಿ, ಆರಿಸಬೇಡಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನನ್ನ ದೊಡ್ಡಮ್ಮನ ಮಗ ರುದ್ರಮುನಿಗೆ ಆದದ್ದು.

ರುದ್ರಮುನಿಯದು ಕರೆಂಟ್ ಕಳ್ಳರನ್ನು ಹಿಡಿಯುವ ಕೆಲಸ. ಮೀಟರಿಗೆ ಮ್ಯಾಗ್ನೆಟ್ ಇಟ್ಟವರು, ರಾತ್ರಿ ಕಂಬದಿಂದ ವೈರ್ ಎಳೆದುಕೊಂಡವರು, ಇಂಥವರನ್ನು ಹುಡುಕಿಕೊಂಡು ಅಲೆಯುತ್ತಾನೆ. ಆ ಕೆಲಸ ಮಾಡಿ ಮಾಡಿ ಅವನಿಗೆ ಹಾಲಿನವನ ಮೇಲೂ ಅನುಮಾನ, ಹಾಲಿನ ಮೇಲೂ ಅನುಮಾನ. ಎಲ್ಲೋ ದೆವ್ವ ಇದೆಯಂತೆ ಅಂದರೆ, ಆ ಮನೆಯ ಮೀಟರ್ ಎಲ್ಲಿದೆ ಅಂತ ಮೊದಲು ಕೇಳುವ ಆಸಾಮಿ. ಅಂಥವನೇ ಹೇಳಿದ ಮೇಲೆ ನಾನು ನಂಬದೆ ಏನು ಮಾಡಲಿ?

ಅವತ್ತು ಮೂಡಲಪಾಳ್ಯದಲ್ಲಿ ಒಂದು ರೇಡ್ ಮುಗಿಸಿ, ತಡವಾಗಿ, ನಡೆದುಕೊಂಡು ಮನೆಗೆ ಬರುತ್ತಿದ್ದ. ಮನೆ ಇರುವುದು ಚಂದ್ರಾ ಲೇಔಟಿನಲ್ಲಿ. ದಾರಿಯಲ್ಲಿ ಒಂದು ಹಳೇ ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ಪಕ್ಕದಲ್ಲಿ ಆಲದ ಮರ. ಬೀದಿ ದೀಪ ಕೆಟ್ಟಿತ್ತು. ಬಾವಿ ದಾಟುತ್ತಿದ್ದ ಹಾಗೆ ಮುಂದೆ ಸದ್ದು ಕೇಳಿಸಿತು.

ಸರಕ್... ಟಪ್. ಸರಕ್... ಟಪ್.

ಒಂದು ಚಪ್ಪಲಿ ಎಳೆಯುತ್ತದೆ, ಇನ್ನೊಂದು ಬಡಿಯುತ್ತದೆ. ಅವನ ಅಪ್ಪ ಗುರುಸಿದ್ದಯ್ಯನವರ ನಡಿಗೆ. ಮಂಡಿ ನೋವು ಶುರುವಾದಾಗಿನಿಂದ ಅವರು ನಡೆಯುವುದೇ ಹೀಗೆ. ಆಮೇಲೆ ಕೆಮ್ಮು. ಚಿಕ್ಕದು ಎರಡು... ಖು, ಖು. ಗಂಟಲು ಕೆರೆದುಕೊಂಡು ಬರುವ ಉದ್ದದ್ದು ಒಂದು... ಕೊನೆಗೆ, ಉಸಿರಿನಲ್ಲೇ, "ಶಿವಾ".

ರುದ್ರಮುನಿ ಬೇಗ ಬೇಗ ಹೆಜ್ಜೆ ಹಾಕಿದ. ಈ ಹೊತ್ತಿನಲ್ಲಿ ಅಪ್ಪ ಇಲ್ಲಿ ಏನು ಮಾಡುತ್ತಿದ್ದಾರೆ?

"ಅಪ್ಪಾ..."

ಸದ್ದು ನಿಂತಿತು. ನಡೆಯುತ್ತಿದ್ದವರು ತಿರುಗಿದರು. ಅಪ್ಪನಲ್ಲ. ಉದ್ದ ಮೂಗು, ಬಿಳಿ ಹುಬ್ಬು, ಕಾಲಲ್ಲಿ ರಬ್ಬರ್ ಚಪ್ಪಲಿ. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಇಂಗ್ಲೆಂಡಿನ ಮುದುಕ, ಪ್ಯಾಸ್ಕ್.

"ಸಾರಿ," ಅಂತ ಪಿಸುಗುಟ್ಟಿದ. "ಪ್ರಾಕ್ಟೀಸ್."

"ಏನ್ ಪ್ರಾಕ್ಟೀಸು?"

"ನಿಮ್ಮ ತಂದೆ."

ಅಷ್ಟು ಹೇಳಿ ತನ್ನ ಸ್ವಂತ ನಡಿಗೆಯಲ್ಲಿ, ಸದ್ದೇ ಇಲ್ಲದ ಹಾಗೆ, ಮುಂದೆ ಹೋದ. ಮನೆಗೆ ಬಂದು ನೋಡಿದರೆ ಗುರುಸಿದ್ದಯ್ಯನವರು ರಗ್ಗು ಹೊದ್ದು ಗೊರಕೆ ಹೊಡೆಯುತ್ತಿದ್ದರು.

ಈ ಪ್ಯಾಸ್ಕ್ ಕೆಂಗೇರಿ ಕಡೆ ನಾಟಕದ ಶಾಲೆಯೊಂದರಲ್ಲಿ ಮಕ್ಕಳಿಗೆ ಮಾತು, ಉಸಿರು ಕಲಿಸುವುದಕ್ಕೆ ಬಂದವನು, ಇಲ್ಲೇ ಉಳಿದುಬಿಟ್ಟಿದ್ದ. ಗುರುಸಿದ್ದಯ್ಯನವರು ರಿಟೈರ್ಡ್ ಮೇಷ್ಟ್ರು. ಸಂಜೆ ಅವನಿಗೆ ಕನ್ನಡ ಹೇಳಿಕೊಡುತ್ತಿದ್ದರು. ಇಬ್ಬರಿಗೂ ಗಾಢ ಸ್ನೇಹ. ರುದ್ರಮುನಿಗೆ ಮಾತ್ರ ಮೊದಲ ದಿನದಿಂದಲೂ ಅವನ ಮೇಲೆ ಒಂದು ಕಣ್ಣು. ಅಷ್ಟು ದೂರದಿಂದ ಬಂದವನು ನಮ್ಮ ಮಹಡಿಯೇ ಬೇಕು ಅಂತ ಯಾಕೆ ಅಂದ ಅನ್ನುವುದು ಅವನ ವಾದ.

ಈಗ ಅನುಮಾನಕ್ಕೆ ರೆಕ್ಕೆ ಬಂತು. ಅದಕ್ಕೆ ಕಾರಣವೂ ಇತ್ತು. ಅವನ ಅಮ್ಮ, ನಮ್ಮ ಜಗದಾಂಬಾ ದೊಡ್ಡಮ್ಮ, ಕಣ್ಣು ಕಳೆದುಕೊಂಡು ಕೆಲವು ವರ್ಷಗಳಾಗಿವೆ. ಬೆಳಕು, ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಮನೆಯನ್ನೆಲ್ಲ ಕಿವಿಯಲ್ಲೇ ನೋಡುತ್ತಾರೆ. ಗಂಡ ಅಂದರೆ ಆ ಚಪ್ಪಲಿ, ಆ ಕೆಮ್ಮು. ಮಗ ಅಂದರೆ ಬೀಗದ ಕೈ ಗೊಂಚಲು. ರುದ್ರಮುನಿ ಮೆಟ್ಟಿಲ ಹತ್ತಿರ ಬರುವಾಗ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಾನೆ... ಛಿಣ್, ಛಿಣ್, ಛಿಣ್... ಆಮೇಲೆ ಮುಷ್ಟಿಯಲ್ಲಿ ಹಿಡಿಯುತ್ತಾನೆ, ಟಕ್. ಆ ಟಕ್ ಕೇಳಿದ ಮೇಲೆಯೇ ದೊಡ್ಡಮ್ಮ ತಟ್ಟೆಗೆ ರೊಟ್ಟಿ ಹಾಕುವುದು. ಇಂಥ ಹೆಂಗಸಿನ ಮನೆಯಲ್ಲಿ ಇನ್ನೊಬ್ಬ ಗಂಡಸು ಅವಳ ಗಂಡನ ಸದ್ದು ಕಲಿಯುತ್ತಿದ್ದಾನೆ ಅಂದರೆ ಯಾವ ಮಗನಿಗೆ ನಿದ್ದೆ ಬರುತ್ತದೆ?

ಬೆಳಿಗ್ಗೆ ಅಪ್ಪನ ಹತ್ತಿರ ಕೇಳಿದ. ಅವರು ನಕ್ಕುಬಿಟ್ಟರು.

"ಅವನು ಜೀವನವಿಡೀ ಮಾಡಿದ್ದೇ ಅದು ಕಣೋ. ಬದಲಿ ನಟ."

ಆಮೇಲೆ ಅವನ ಕತೆ ಹೇಳಿದರು. ಸಮುದ್ರದ ದಂಡೆಯ ಯಾವುದೋ ಊರಿನ ಮಾಂಸದಂಗಡಿಯವನ ಮಗ. ಮೀಸೆ ಮೂಡುವ ಮೊದಲೇ ತಿರುಗಾಟದ ನಾಟಕ ಕಂಪನಿ ಸೇರಿದ. ರಾಜನಿಗೆ ಪತ್ರ ತಂದುಕೊಡುವ ಪಾತ್ರ, ರಾಣಿಗೆ ತಟ್ಟೆ ಹಿಡಿಯುವ ಪಾತ್ರ. ಕೊನೆಗೆ ಲಂಡನ್ನಿನಲ್ಲಿ ಒಬ್ಬ ದೊಡ್ಡ ನಟನಿಗೆ ಬದಲಿಯಾದ. ಆ ದೊಡ್ಡವನು ಬಾರದ ದಿನ ಇವನು ರಂಗಕ್ಕೆ ಹೋಗಬೇಕು. ಉಳಿದ ದಿನವೆಲ್ಲ ರಂಗದ ಕೆಳಗಿನ ಒಂದು ಕೋಣೆಯಲ್ಲಿ ಕೂತು ಕಾಯಬೇಕು. ತಲೆಯ ಮೇಲೆ ಆ ದೊಡ್ಡವನ ಹೆಜ್ಜೆ, ಕೆಮ್ಮು, ಉಸಿರು. ಇವನು ಅವನನ್ನು ನೋಡಿ ಕಲಿತದ್ದಲ್ಲ, ಕೇಳಿ ಕಲಿತದ್ದು. ಹೆಚ್ಚುಕಡಿಮೆ ಮೂವತ್ತು ವರ್ಷ. ರಂಗಕ್ಕೆ ಹೋದದ್ದು ಬೆರಳೆಣಿಕೆಯಷ್ಟು ಸಲ. ಇವತ್ತು ದೊಡ್ಡವರು ಇಲ್ಲ, ಪ್ಯಾಸ್ಕ್ ಬರುತ್ತಾರೆ ಅಂತ ಹೇಳಿದಾಗ ಜನ ಎಲ್ಲ ಒಟ್ಟಿಗೆ "ಛೇ" ಅನ್ನುತ್ತಿದ್ದರಂತೆ. ಆ ಛೇ ಇನ್ನೂ ಕಿವಿಯಲ್ಲಿದೆ ಅಂತ ಹೇಳಿ ಒಂದು ಸಂಜೆ ಅತ್ತಿದ್ದನಂತೆ.

"ಇನ್ನೊಂದು ಹೇಳ್ತಾನೆ," ಅಂದರು ಗುರುಸಿದ್ದಯ್ಯನವರು, ದನಿ ಇಳಿಸಿ. "ಯಾವಾಗ ಆ ದೊಡ್ಡವನ ಕೆಮ್ಮು, ಉಸಿರು, ಎಲ್ಲ ಇವನಿಗೆ ಪೂರ್ತಿ ಕೂತ್ಕೊಂಡ್ತೋ, ಆ ವಾರಾನೇ ಆ ದೊಡ್ಡವನು ಹಾಸಿಗೆ ಹಿಡೀತಿದ್ದನಂತೆ. ಒಂದ್ಸಲ ಜ್ವರ. ಒಂದ್ಸಲ ಕಾಲು ಮುರೀತು. ಕೊನೇ ಸಲ ಏಳ್ಲೇ ಇಲ್ಲ."

"ಅಪ್ಪಾ, ಈಗ ಅವನು ನಿಮ್ಮನ್ನ ಕಲೀತಾ ಇದಾನೆ."

"ಕಲೀಲಿ ಬಿಡೋ. ನನ್ನ ಹತ್ರ ಇನ್ನೇನಿದೆ ಕಲಿಯೋಕೆ," ಅಂತ ಪೇಪರ್ ಬಿಡಿಸಿಕೊಂಡರು.

ಅದೇ ವಾರದ ಒಂದು ಸಂಜೆ ರುದ್ರಮುನಿ ಮನೆಗೆ ಬಂದರೆ ದೊಡ್ಡಮ್ಮ ಬಾಗಿಲಲ್ಲಿ ನಿಂತು, "ಏನ್ರೀ, ನೀರು ಕಾಯಿಸ್ಲಾ?" ಅನ್ನುತ್ತಿದ್ದರು. ಮೆಟ್ಟಿಲ ಮೇಲಿನಿಂದ "ಹ್ಞೂಂ" ಅಂತ ಉತ್ತರ ಬಂತು. ಗುರುಸಿದ್ದಯ್ಯನವರು ಆಗ ಮಠಕ್ಕೆ ಹೋಗಿದ್ದರು. ರುದ್ರಮುನಿ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ. ಪ್ಯಾಸ್ಕ್ ಬೆತ್ತದ ಕುರ್ಚಿಯಲ್ಲಿ, ಕತ್ತಲಲ್ಲಿ, ಕೂತಿದ್ದ.

"ನಮ್ಮಪ್ಪನ್ನ ಬಿಟ್ಬಿಡಿ," ಅಂದ ರುದ್ರಮುನಿ. ಕೆಳಗೆ ಅಮ್ಮನಿಗೆ ಕೇಳಬಾರದು ಅಂತ ಪಿಸುದನಿ.

"ನಾನು ಕಲಿಯಲ್ಲ ಸಾರ್. ಕಿವಿ ಕಲಿಯುತ್ತೆ. ಯಾರು ಬರಲ್ವೋ... ಕಿವಿಗೆ ಮೊದಲೇ ಗೊತ್ತಾಗುತ್ತೆ."

"ಏನ್ ಮಾತಿದು?"

"ಅಮ್ಮ ಕಾಯ್ತಾರೆ ಸಾರ್. ಯಾರೂ ಬರದೆ ಇರಬಾರದು." ಆಮೇಲೆ ಸೇರಿಸಿದ, "ಇನ್ನೂ ಸರಿಯಾಗಿಲ್ಲ. ಕೊನೇ ಕೆಮ್ಮು ಸ್ವಲ್ಪ ಲೇಟಾಗಿ ಬರುತ್ತೆ."

ಈ ತಿಂಗಳು ಮುಗಿಯುವುದರೊಳಗೆ ಮನೆ ಖಾಲಿ ಮಾಡಿ ಅಂತ ಹೇಳಿ ರುದ್ರಮುನಿ ಇಳಿದು ಬಂದ. ಖಾಲಿ ಮಾಡಿಸುವ ಪ್ರಮೇಯ ಬರಲಿಲ್ಲ. ತಿಂಗಳು ಮುಗಿಯುವ ಮೊದಲೇ ಪ್ಯಾಸ್ಕ್ ಸತ್ತ. ಅದೇ ಬೆತ್ತದ ಕುರ್ಚಿಯಲ್ಲಿ, ಕಿವಿ ನೆಲದ ಕಡೆ ವಾಲಿಸಿಕೊಂಡು. ಕೆಳಗೆ ಗುರುಸಿದ್ದಯ್ಯನವರು ಮಲಗುವ ಕೋಣೆ. ಮೈಸೂರು ರಸ್ತೆ ಕಡೆ ಹೂಳಿದರು. ಗುರುಸಿದ್ದಯ್ಯನವರು ಒಂದು ಹಿಡಿ ಮಣ್ಣು ಹಾಕಿ, ಮಗುವಿನ ಹಾಗೆ ಅತ್ತರು. ರುದ್ರಮುನಿ ಅಳಲಿಲ್ಲ, ನಾಚಿಕೆ ಬಿಟ್ಟು ಹೇಳುತ್ತಾನೆ, ಅವನಿಗೆ ಆದದ್ದು ನೆಮ್ಮದಿ. ಮಹಡಿಗೆ ತನ್ನದೇ ಬೀಗ ಜಡಿದ. ಮೇಲಿನ ಮೀಟರಿನ ಫ್ಯೂಸ್ ಕಿತ್ತು ಬೀರುವಿನಲ್ಲಿಟ್ಟ. ಬಾಡಿಗೆಗೆ ಮತ್ತೆ ಯಾರನ್ನೂ ಇಡಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಗುರುಸಿದ್ದಯ್ಯನವರಿಗೆ ಎದೆ ಹಿಡಿದುಕೊಂಡಿತು. ರುದ್ರಮುನಿ ವಿಜಯನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಅವರು ಹೊರಡುವ ಮೊದಲೇ ದೊಡ್ಡಮ್ಮನ ಜೊತೆಗೆ ಅಂತ ಪಕ್ಕದ ಮನೆ ಪುಟ್ಟಲಕ್ಷ್ಮಿ ಬಂದಿದ್ದರು, ನಡುಮನೆಯಲ್ಲಿ ಮಲಗಿದರು. ಬೆಳಕು ಹರಿಯುವ ಎಷ್ಟೋ ಮೊದಲೇ ಗುರುಸಿದ್ದಯ್ಯನವರು ಹೋಗಿಬಿಟ್ಟರು.

ಅಪ್ಪನ ಚಪ್ಪಲಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ರುದ್ರಮುನಿ ಆಟೋ ಹತ್ತಿದ. ಅಮ್ಮನಿಗೆ ಹೇಗೆ ಹೇಳಲಿ ಅನ್ನುವುದೊಂದೇ ಯೋಚನೆ. ಮೆಟ್ಟಿಲ ಹತ್ತಿರ ಗೊಂಚಲು ತಿರುಗಿಸಲಿಲ್ಲ. ಬಾಗಿಲು ತೆರೆದವರು ದೊಡ್ಡಮ್ಮ. ತುಟಿಯ ಮೇಲೆ ಬೆರಳಿಟ್ಟಿದ್ದರು.

"ಮುನೀ, ಮೆಲ್ಲಗೆ. ಅಪ್ಪ ಈಗ ತಾನೇ ಮಲ್ಕೊಂಡ್ರು."

ಅಪ್ಪನ ಚಪ್ಪಲಿಯ ಕವರು ಅವನ ಕೈಯಲ್ಲೇ ಇತ್ತು.

"ಯಾವಾಗ ಬಂದ್ರು?"

"ಆಗ್ಲೇ ಬಂದ್ರು. ಚಪ್ಪಲಿ ಬಿಟ್ರು, ಕೆಮ್ಮಿದ್ರು, ಶಿವಾ ಅಂದ್ರು. ಹೆಂಗಿದೆ ಅಂದೆ, ಹ್ಞೂಂ ಅಂದ್ರು. ಬಿಸಿನೀರು ಕಾಯಿಸಿ ಕೊಟ್ಟೆ, ಕುಡಿದ್ರು. ನನ್ನ ಮಂಚದ ತುದೀಲೇ ಕೂತಿದ್ರು ಕಣೋ."

ನಡುಮನೆಯಿಂದ ಪುಟ್ಟಲಕ್ಷ್ಮಿ ಎದ್ದು ಬಂದರು. "ಹೌದಪ್ಪಾ, ನಂಗೂ ಕೇಳಿಸ್ತು. ಯಜಮಾನ್ರು ಬಂದ್ರಲ್ಲ ಅಂತ ನಾನು ಮಗ್ಗಲು ಬದಲಾಯಿಸಿ ಮಲಗ್ದೆ."

ಕೋಣೆಯಲ್ಲಿ ಯಾರೂ ಇರಲಿಲ್ಲ. ಮಂಚದ ಪಕ್ಕದಲ್ಲಿ ಸ್ಟೀಲ್ ಲೋಟ ಖಾಲಿಯಾಗಿತ್ತು.

ರುದ್ರಮುನಿ ಬಿಡುವವನಲ್ಲ. ಅಷ್ಟು ದುಃಖದಲ್ಲೂ ಎದುರು ಮನೆ ಮಹದೇವ್ ಹತ್ತಿರ ಹೋಗಿ ಅವರ ಸಿಸಿಟಿವಿಯ ರೆಕಾರ್ಡಿಂಗ್ ಹಾಕಿಸಿ ನೋಡಿದ. ಅವನು ಅಪ್ಪನನ್ನು ಕರೆದುಕೊಂಡು ಹೊರಟ ಮೇಲೆ, ಅವನೇ ವಾಪಸ್ ಬರುವವರೆಗೆ, ಅವರ ಗೇಟು ತೆರೆದೇ ಇಲ್ಲ. ಮಹಡಿಯ ಬೀಗ ಹಾಕಿದ ಹಾಗೇ ಇತ್ತು.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಸಂಜೆ ದೊಡ್ಡಮ್ಮ ತಾವಾಗಿಯೇ ಮಾತು ತೆಗೆದರು.

"ಅವತ್ತು ಬಂದಿದ್ದು ನಿಮ್ಮಪ್ಪ ಅಲ್ಲ ಕಣೋ. ನಂಗೆ ಅವಾಗ್ಲೇ ಗೊತ್ತಾಯ್ತು."

"ಹೆಂಗೆ?"

"ನೀರು ಕುಡಿದು ಥ್ಯಾಂಕ್ಸ್ ಅಂದ. ನಿಮ್ಮಪ್ಪ ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ನಂಗೆ ಥ್ಯಾಂಕ್ಸ್ ಅಂದಿದ್ರಾ?"

"ಮತ್ತೆ ಯಾಕೆ ಸುಮ್ನಿದ್ದೆ ಅವ್ವಾ?"

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಪಾಪ, ಅಷ್ಟು ಕಷ್ಟಪಟ್ಟು ಕಲ್ತಿದ್ದ. ನನ್ನ ಹತ್ರಾನೂ ಛೇ ಅನ್ನಿಸ್ಕೋಬೇಕಾ? ಮತ್ತೆ... ಯಾರೋ ಒಬ್ಬರು ಬಂದಿದ್ರಲ್ಲ. ಒಬ್ಬಳೇ ಇರ್ಲಿಲ್ಲ ನಾನು."

ಇಷ್ಟಕ್ಕೇ ಮುಗಿದಿದ್ದರೆ ನಾನು ನಿಮಗೆ ಇದನ್ನು ಹೇಳುತ್ತಲೇ ಇರಲಿಲ್ಲ. ಕೈ ಮುಗಿದು ಸುಮ್ಮನಾಗುತ್ತಿದ್ದೆ.

ಯುಗಾದಿ ಆದ ಮೇಲೆ ಒಂದು ರಾತ್ರಿ ರುದ್ರಮುನಿ ಊಟಕ್ಕೆ ಕೂತಿದ್ದ. ದೊಡ್ಡಮ್ಮ ಪಲ್ಯ ಬಡಿಸುತ್ತಿದ್ದರು. ಮಹಡಿಯಿಂದ ಸದ್ದು ಬಂತು.

ಛಿಣ್... ಛಿಣ್... ಛಿಣ್... ... ಟಕ್.

ದೊಡ್ಡಮ್ಮನ ಕೈ ನಿಂತಿತು. ತಡಕಾಡಿ ಮಗನ ಭುಜ ಮುಟ್ಟಿ ನೋಡಿದರು.

"ನೀನು ಇಲ್ಲೇ ಇದೀಯಲ್ಲಾ?"

"ಇದೀನಿ ಅವ್ವಾ."

"ಹಂಗಾದ್ರೆ ಮೇಲೆ..."

"ಸುಮ್ನೆ ಬಡ್ಸು."

ಗೊಂಚಲು ಅವನ ಜೇಬಿನಲ್ಲೇ ಇತ್ತು. ಮರುದಿನವೂ ಕೇಳಿಸಿತು. ಆ ಕೊನೇ ಟಕ್ ಮಾತ್ರ ಪ್ರತಿ ಸಲ ಚೂರು ತಡ. ಕೈ ತಪ್ಪಿದವರು ಮತ್ತೆ ಹಿಡಿಯುವ ಹಾಗೆ. ರುದ್ರಮುನಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಡಾಕ್ಟರ ಹತ್ತಿರ ಹೋದ, ಇಸಿಜಿ ಮಾಡಿಸಿದ, ರಕ್ತ ಕೊಟ್ಟ. ಎಲ್ಲ ನಾರ್ಮಲ್. ಮನೆ ಮಾರೋಣ ಅಂದ. ದೊಡ್ಡಮ್ಮ ಒಪ್ಪಲಿಲ್ಲ, ಹೊಸ ಮನೆಯ ಸದ್ದು ತನಗೆ ಗೊತ್ತಿಲ್ಲ ಅಂದರು. ಕೊನೆಗೆ ಇವನು ಗೊಂಚಲು ತಿರುಗಿಸುವುದನ್ನೇ ಬಿಟ್ಟ. ಕಲಿಯುವುದಕ್ಕೆ ಏನೂ ಸಿಗಬಾರದಲ್ಲ. ನಂದಿನಿ ಲೇಔಟಿನ ನಮ್ಮ ಮನೆಗೆ ಬಂದು, ಇಡೀ ಗೊಂಚಲನ್ನು ನನ್ನ ಕೈಯಲ್ಲಿಟ್ಟ. "ಇಟ್ಕೋ ಗುರು, ಕೇಳಿದ್ರೂ ಕೊಡಬೇಡ," ಅಂದ. ನನಗೆ ಬಯ್ಯಬೇಕು ಅನ್ನಿಸಿತು, ಅವನ ಮುಖ ನೋಡಿ ತೆಗೆದುಕೊಂಡೆ. ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ.

ಕಳೆದ ಭಾನುವಾರ ನಾನು ದೊಡ್ಡಮ್ಮನನ್ನು ನೋಡಲು ಹೋಗಿದ್ದೆ. ರುದ್ರಮುನಿ ಇನ್ನೂ ಡ್ಯೂಟಿಯಿಂದ ಬಂದಿರಲಿಲ್ಲ. ನಾನು, ದೊಡ್ಡಮ್ಮ ಇಬ್ಬರೇ. ಟಿವಿ ಕೂಡ ಹಾಕಿರಲಿಲ್ಲ. ಆಗ ಮೆಟ್ಟಿಲ ಹತ್ತಿರ... ಇದನ್ನು ನಾನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದಲ್ಲ, ನನ್ನ ಈ ಎರಡು ಕಿವಿಯಲ್ಲಿ ಕೇಳಿದ್ದು.

ಛಿಣ್, ಛಿಣ್, ಛಿಣ್. ಟಕ್.

ದೊಡ್ಡಮ್ಮ ಎದ್ದು ತಟ್ಟೆಗೆ ರೊಟ್ಟಿ ಹಾಕಿದರು. ಆಮೇಲೆ ಅವರಿಗೇ ನೆನಪಾಯಿತು, ಮಗ ಈಗ ಗೊಂಚಲು ಹಿಡಿಯುವುದಿಲ್ಲ. ತಟ್ಟೆ ಹಿಡಿದುಕೊಂಡು ಹಾಗೇ ನಿಂತರು. "ಮೊದಲೆಲ್ಲ ಕೊನೇದು ತಡ ಆಗ್ತಿತ್ತು," ಅಂದರು ಮೆಲ್ಲಗೆ. "ಈಗ ಸರಿ ಹೋಗಿದೆ."

ಅವತ್ತು ರುದ್ರಮುನಿ ಒಂದು ಗಂಟೆ ತಡವಾಗಿ, ಸದ್ದಿಲ್ಲದೆ, ಮನೆಗೆ ಬಂದ. ಇವತ್ತು ಬೆಳಿಗ್ಗೆಯೂ ನಾನೇ ಫೋನ್ ಮಾಡಿದ್ದೆ. ಚೆನ್ನಾಗಿದೀನಿ, ಯಾಕೋ ಸ್ವಲ್ಪ ಸುಸ್ತು ಅಂದ. ಇದರಲ್ಲಿ ಒಂದಕ್ಷರ ನಾನು ಸೇರಿಸಿಲ್ಲ. ಗೊಂಚಲು ಈಗಲೂ ನಮ್ಮ ಅಕ್ಕಿ ಡಬ್ಬದಲ್ಲೇ ಇದೆ, ಬನ್ನಿ, ತೋರಿಸುತ್ತೇನೆ.