ಅಮೆರಿಕದ ಬಜಾರದ ಮಾತು

ತಿಕೋಟಾದಲ್ಲಿ ವಿಜಯಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಣದ್ರಾಕ್ಷಿ ವ್ಯಾಪಾರಿ ಸಂಗನಬಸವ, ಕಾಲೇಜಿನಲ್ಲಿ ಇತಿಹಾಸ ಕಲಿಸುವ ದಾನೇಶ್ವರಿಗೆ ತಿಳಿವಳಿಕೆ ಹೇಳುತ್ತಿದ್ದರು.

"ಅಮೆರಿಕಾ ಯಾಕ ಬೆಳೀತು ಹೇಳ್ರಿ ಮೇಡಂ? ಸರಕಾರ ಬಜಾರದಾಗ ಕೈ ಹಾಕಲಿಲ್ಲ. ಅದಕ್ಕ ಸ್ವಾತಂತ್ರ್ಯ ಅಂತಾರ."

"ಆ ಬಜಾರದಾಗ ಮನುಷ್ಯಾರನ್ನೂ ಮಾರತಿದ್ರು ಸಾವಕಾರ್ರ. ಹಲ್ಲು ನೋಡಿ ದರ ಕಟ್ಟತಿದ್ರು."

"ಹಳೇ ಮಾತು ಬಿಡ್ರಿ. ಆ ಮಾರಾಟ ತಾನ ನಿಂತಿತು."

"ಎಲ್ಲಿ ನಿಂತಿತ್ರಿ? ಸರಕಾರ ದಂಡು ಕಳಿಸಬೇಕಾತು. ಗುಲಾಮರ ಮಾಲಕರು ಆವಾಗ ನಮ್ಮ ಸ್ವಾತಂತ್ರ್ಯ ಹೋತು ಅಂತ ಅತ್ತರು."

"ನಿಮಗ ಸರಕಾರದ ಪಗಾರ ಬರತೈತಿ. ಅದಕ್ಕ ಹಿಂಗ ಮಾತಾಡತೀರಿ."

"ಹೌದ್ರಿ. ನಮ್ಮವ್ವ ನಿಮ್ಮ ಶೆಡ್ಡಿನಾಗ ಒಣದ್ರಾಕ್ಷಿ ಹಸನ ಮಾಡತಿದ್ಲು. ನೀವು ಕೊಟ್ಟಷ್ಟು ಇಸ್ಕೊಳ್ಳೂದ ಆಕಿಗಿದ್ದ ಸ್ವಾತಂತ್ರ್ಯ."

ಬಸ್ಸು ಬಂತು. ದಾನೇಶ್ವರಿ ಹತ್ತಿ ಕಿಟಕಿಯ ಪಕ್ಕ ಕೂತರು. ಸಂಗನಬಸವ ಮುಂದಿನ ಬಸ್ಸಿಗೆ ಬರುವುದಾಗಿ ಕಂಡಕ್ಟರಿಗೆ ಹೇಳಿ ನೆರಳಿಗೆ ಸರಿದರು.