ದಿನಬಳಕೆಗೆ ಆಗುತ್ತಾ?

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ಊದಿದ ಕೆನ್ನೆ ಹಿಡಿದು ಕೂತಿದ್ದ ದರ್ಜಿಗೆ ಬಾಯಿ ಬಿಡಲಾಗುತ್ತಿರಲಿಲ್ಲ, ಕಿವಿ ಮಾತ್ರ ಚುರುಕಾಗಿತ್ತು. ಪಕ್ಕದಲ್ಲಿ ಒಂದೇ ಆಫೀಸಿನ ಇಬ್ಬರು ಹೆಂಗಸರು. ಕಿರಿಯವಳ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು.

"ಕಂಪ್ಯೂಟರಿಗೆ ಆಜ್ಞೆ ಕೊಡೋಕೆ ನಾವೆಲ್ಲ ಹಳೇ ಶೆಲ್ ಪ್ರೋಗ್ರಾಮನ್ನೇ ಬಳಸ್ತೀವಿ. ನಿನಗೊಬ್ಬಳಿಗೆ ಯಾಕೆ ಇನ್ನೂ ಪ್ರಯೋಗದಲ್ಲಿರೋ ಈ ಶೆಲ್ಲು? ನಿನ್ನೆನೂ ಅರ್ಧದಲ್ಲೇ ಕೈಕೊಡ್ತು."

"ಅವನು ಬರೆದಿದ್ದು, ಅಕ್ಕಾ."

"ಬಿಟ್ಟುಹೋದವನ ಶೆಲ್ ಕಟ್ಕೊಂಡು ದಿನಾ ಒದ್ದಾಡ್ತೀಯಲ್ಲೇ!"

"ಹೇಗಿದ್ದೀಯ ಅಂತ ಕೇಳಿದ್ರೆ ಉತ್ತರಾನೇ ಇಲ್ಲ. ಶೆಲ್ ಕೆಟ್ಟಿದೆ ಅಂತ ಬರೆದ್ರೆ ಚಿಟಿಕೆ ಹೊಡೆಯೋದ್ರೊಳಗೆ ಬರುತ್ತೆ."

"ಏನಂತ?"

"ಕೆಟ್ಟಾಗ ಏನು ಟೈಪ್ ಮಾಡ್ತಿದ್ದೆ ಅಂತ."

ಹಿರಿಯವಳು ನಗಲಿಲ್ಲ. "ನಿನ್ನೆಯದು ಏನಾಯ್ತು?"

"ಸರಿಮಾಡಿ ಕಳಿಸಿದಾನೆ. ಬೆಳಿಗ್ಗೆಯಿಂದ ಎಲ್ಲೂ ನಿಂತಿಲ್ಲ."

"ಅಂದ್ರೆ ಇನ್ನು ದಿನಬಳಕೆಗೆ ಆಗುತ್ತೆ ಅಂತಾಯ್ತು. ಮತ್ತೆ ಮುಖ ಯಾಕೆ ಹೀಗೆ?"

"ಇನ್ಮೇಲೆ ಏನಂತ ಬರೀಲಿ, ಅಕ್ಕಾ?"

ಒಳಗಿನಿಂದ ಹಿರಿಯವಳಿಗೆ ಕರೆ ಬಂತು. "ಬಾರೇ, ನನಗೆ ಸೂಜಿ ಅಂದ್ರೆ ಭಯ," ಎನ್ನುತ್ತ ಅವಳು ಎದ್ದಳು. ಕಿರಿಯವಳು ತೆರೆದ ಲ್ಯಾಪ್‌ಟಾಪನ್ನು ಎದೆಗಾನಿಸಿಕೊಂಡು ಎದ್ದು, ಬಾಗಿಲಲ್ಲಿ ನಿಂತು ಇನ್ನೊಂದು ಆಜ್ಞೆ ಟೈಪ್ ಮಾಡಿದಳು. ಅದೂ ಸಲೀಸಾಗಿ ನಡೆಯಿತೆಂದು ದರ್ಜಿಗೆ ಅವಳ ಬಾಡಿದ ಮುಖ ನೋಡಿಯೇ ತಿಳಿಯಿತು.