ಎದುರು ಬಸ್ಸಿಗೆ ಕಾಯುವ ಹೊತ್ತು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಡ್ಯೂಟಿ ಮುಗಿಸಿ ಬಂದಿರುವ ಮತ್ತು ಡ್ಯೂಟಿಗೆ ಓಡಬೇಕೆಂದು ಬಾಗಿಲ ಹತ್ತಿರವೇ ಕೂತಿರುವ ಸಭಿಕರೇ,

ಡಿಪೋದ ಈ ವಾರ್ಷಿಕೋತ್ಸವದಲ್ಲಿ ‘ಟೈಮ್ ಟೇಬಲ್ ಎಂದರೇನು’ ಎಂಬುದರ ಬಗ್ಗೆ ಮಾತನಾಡಲು ನನಗೆ ಹೇಳಿದ್ದಾರೆ. ಅದನ್ನು ಬರೆಯುವುದೇ ನನ್ನ ಕೆಲಸ. ಅರ್ಥ ಹೇಳು ಎಂದರೆ ಬಾಯಿ ಕಟ್ಟುತ್ತದೆ. ಆದ್ದರಿಂದ ಒಂದು ಕಥೆ ಹೇಳಿಬಿಡುತ್ತೇನೆ. ಇದನ್ನು ಮೊದಲು ಹೇಳಿದವರು ನಾವೆಲ್ಲ ‘ನಿಧಾನ ಮಾವ’ ಎಂದು ಕರೆಯುವ ಡ್ರೈವರ್. ಹೋದ ವರ್ಷ, ಇದೇ ಹಾಲ್‌ನಲ್ಲಿ, ತಮ್ಮ ಬೀಳ್ಕೊಡುಗೆಯ ಸಂಜೆ.

ಮಾವನ ಹೆಂಡತಿ, ಅಂದರೆ ನಮ್ಮ ಕಂಡಕ್ಟರ್ ಅಕ್ಕ, ಅದೇ ದಾರಿಯ ಎದುರು ಬಸ್ಸಿನಲ್ಲಿ. ಇವರು ಹೋಗುವಾಗ ಅವರು ಬರುವುದು. ಮನೆಯಲ್ಲಿ ಒಬ್ಬರಿಗೆ ಎಚ್ಚರವಾದಾಗ ಇನ್ನೊಬ್ಬರಿಗೆ ನಿದ್ದೆ. ನಡುದಾರಿಯಲ್ಲಿ ಒಂದೇ ಬಸ್ಸು ಹಿಡಿಸುವ ಹಳೆಯ ಸೇತುವೆ ಇತ್ತಲ್ಲ? ಮಾವನ ಬಸ್ಸು ಈಚೆ ಕಾಯಬೇಕು. ಅಕ್ಕನ ಬಸ್ಸು ದಾಟಿ ಬಂದು, ಕಿಟಕಿಗೆ ಕಿಟಕಿ ಸೇರಿಸಿ ನಿಂತು, ‘ಹಿಂದೆ ಇನ್ನೇನೂ ಬರ್ತಿಲ್ಲ, ಹೋಗಿ’ ಎಂದು ಹೇಳಿಯೇ ಮುಂದೆ ಹೋಗಬೇಕು. ಅದು ಆ ದಾರಿಯ ಪದ್ಧತಿ. ಆ ಮಾತು ಹೇಳುವ ಕೆಲಸ ಕಂಡಕ್ಟರರದು.

“ಅವಳು ‘ಹೋಗಿ’ ಅನ್ನೋದ್ರೊಳಗೆ ನಮ್ಮ ಸಂಸಾರ ಎಲ್ಲಾ ಆಗ್ಬೇಕಿತ್ತು ಸಾರ್,” ಅಂದರು ಮಾವ. “ಮಗಳಿಗೆ ಗಂಡು ಒಪ್ಪಿದ್ದು ಅಲ್ಲೇ. ಜಗಳ ಶುರುವಾದ್ರೆ ಮುಗಿಯೋಕೆ ವಾರ ಹಿಡಿಯೋದು. ‘ನಿಮ್ಮಮ್ಮ’ ಅಂತ ಇವಳು ಬಾಯಿ ತೆಗೆಯೋ ಹೊತ್ತಿಗೆ ಹಿಂದಿನ ಲಾರಿಯವನು ಹಾರ್ನ್ ಹೊಡೀತಿದ್ದ. ಪುಣ್ಯಾತ್ಮ!”

ಮುಂದಿನ ಸಾಲಿನಿಂದ ಅಕ್ಕ, “ಹಾರ್ನ್ ಹೊಡೀತಿದ್ದೋರು ನೀವೇ ಕಣ್ರೀ!” ಅಂದರು. ಹಾಲ್‌ಗೆ ಹಾಲೇ ನಕ್ಕಿತು.

ಆಮೇಲೆ ಅಗಲವಾದ ಹೊಸ ಸೇತುವೆ ಬಂತು. ಯಾರೂ ಯಾರಿಗೂ ಕಾಯಬೇಕಿಲ್ಲ. ಕಾಯುವುದಕ್ಕೆಂದು ಟೈಮ್ ಟೇಬಲ್‌ನಲ್ಲಿ ಇಟ್ಟಿದ್ದ ಹೊತ್ತೂ ಹೋಯಿತು. ಪ್ರಯಾಣಿಕರಿಗೆಲ್ಲ ಖುಷಿ.

“ಈಗ ಅವಳ ಬಸ್ಸು ಸುಯ್ಯಂತ ಹೋಗಿಬಿಡುತ್ತೆ,” ಅಂದರು ಮಾವ. “ಆಡ್ಸೋ ಕೈ ಕಾಣುತ್ತೆ, ಮುಖ ಕಾಣಲ್ಲ. ನಾಳೆಯಿಂದ ನಾನು ಮನೇಲಿ. ಅವಳಿಗಿನ್ನೂ ಸರ್ವಿಸ್ ಇದೆ. ಆ ಕೈಯೂ ಇಲ್ಲ.”

ಈ ಸಲ ಅಕ್ಕ ಭುಜದ ಮೇಲಿನ ಟಿಕೆಟ್ ಚೀಲದ ಪಟ್ಟಿಯನ್ನು ಸುಮ್ಮನೆ ಸರಿಮಾಡಿಕೊಂಡರು.

ಸಭಿಕರೇ, ಬರುವ ಹೊತ್ತು ಬರೆಯುತ್ತೇವೆ, ಹೊರಡುವ ಹೊತ್ತು ಬರೆಯುತ್ತೇವೆ. ಆ ಎರಡರ ನಡುವೆ ಇರುವುದಕ್ಕೆ ಏನೆನ್ನಬೇಕು? ನಮ್ಮ ಮನೆಯಾಕೆ ಇದ್ದಾಗ, “ಊಟಕ್ಕೆ ಎಷ್ಟೊತ್ತಿಗೆ ಬರ್ತೀರಿ?” ಎಂದು ದಿನಾ ಕೇಳುತ್ತಿದ್ದಳು. ಊರಿನ ಬಸ್ಸುಗಳಿಗೆಲ್ಲ ಹೊತ್ತು ಹೇಳುವವನಿಗೆ ಅದೊಂದನ್ನು ಹೇಳಲಾಗುತ್ತಿರಲಿಲ್ಲ. ಈಗ ಸರಿಯಾದ ಹೊತ್ತಿಗೇ ಹೋಗುತ್ತೇನೆ. ಬೀಗ ತೆಗೆದು, ಕೂತು... ಇರಲಿ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕಥೆ ಕೇಳಿದವರಿಗೆ, ಹೇಳಲು ಬಿಟ್ಟ ಡಿಪೋಗೆ ನನ್ನ ಕೃತಜ್ಞತೆ ಹೇಳಿ, ಉಳಿದದ್ದನ್ನು ಮುಗಿಸುತ್ತೇನೆ.

ಆ ಬೀಳ್ಕೊಡುಗೆಯ ಮರುದಿನ ಬೆಳಿಗ್ಗೆ ನಾನು ಹೊತ್ತಿನ ತಪಾಸಣೆಗೆಂದು ಅಕ್ಕನ ಬಸ್ಸು ಹತ್ತಿದೆ. ಕೊನೆಯ ಸೀಟಿನಲ್ಲಿ ಮಾವ, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಕೂತಿದ್ದರು. ಅಕ್ಕನಿಗೆ ಟಿಕೆಟ್ ಹರಿಯುವ ಅವಸರ. ಮಾವನಿಗೂ ಒಂದು ಹರಿದು ಕೊಟ್ಟು, ತಿರುಗಿಯೂ ನೋಡದೆ ಮುಂದೆ ಹೋದರು. ಹೊಸ ಸೇತುವೆ ಬಂತು. ಹಿಂದಿನ ಸಂಜೆ ಇದೇ ಹಾಲ್‌ನಲ್ಲಿ ಕೂತು ಕಥೆ ಕೇಳಿದ್ದ ಡ್ರೈವರ್, ಸೇತುವೆ ಹತ್ತುವ ಮೊದಲೇ ಬಸ್ಸನ್ನು ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಿದ.

“ಯಾಕ್ರೀ ನಿಲ್ಲಿಸಿದ್ರಿ? ಎದುರಿಗೆ ಏನೂ ಇಲ್ವಲ್ಲ!” ಎಂದು ಯಾರೋ ಕೂಗಿದರು.

“ಬರುತ್ತೆ, ಕೂತ್ಕೊಳಿ,” ಅಂದ ಡ್ರೈವರ್.

ಏನೂ ಬರಲಿಲ್ಲ. ಅಕ್ಕ ಒಂದು ಗಳಿಗೆ ಬಾಗಿಲಲ್ಲೇ ನಿಂತರು. ಆಮೇಲೆ ಸೀಟುಗಳನ್ನು ಹಿಡಿದುಕೊಳ್ಳುತ್ತ ಹಿಂದಕ್ಕೆ ಬಂದರು. ಮಾವ ಕಿಟಕಿಯ ಕಡೆ ಸರಿದರು. ಅಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು.

ತಮಗೆಲ್ಲರಿಗೂ ನಮಸ್ಕಾರ.